ಮಿಸೆಸ್ ಮಾಲ್ಟ್‌ಬಿಯ ತಟ್ಟೆ

ಡೌನರ್ಸ್ ಗ್ರೋವ್
ಜನವರಿ ೧೨, ೧೯೭೨, ಬುಧವಾರ

ಇವತ್ತು ಎಲ್ಮ್‌ಥಾರ್ಪಿಗೆ ಲೈಬ್ರರಿ ವ್ಯಾನ್ ಬರುವ ದಿನ. ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಚರ್ಚಿನ ಎದುರಿನ ಹುಲ್ಲುಬಯಲಿನ ಪಕ್ಕ ನಿಂತು ಹಾರ್ನ್ ಹೊಡೆಯುತ್ತಿತ್ತು. ಬೆಳಿಗ್ಗೆ ಎದ್ದವಳೇ ನಾನು ಓದಿ ಮುಗಿಸಿದ ಪುಸ್ತಕಗಳನ್ನು ಹುಡುಕಲು ಶುರುಮಾಡಿದೆ. ಆಮೇಲೆ ನೆನಪಾಯಿತು, ವ್ಯಾನ್ ಇರುವುದು ಇಂಗ್ಲೆಂಡಿನಲ್ಲಿ, ನಾನಿರುವುದು ಅಮೆರಿಕದಲ್ಲಿ. ನನ್ನ ತಲೆ ಕೆಟ್ಟಿದೆ.

ಮರೆತುಹೋದೀತೆಂಬ ಭಯಕ್ಕೆ ಬರೆದಿಡುತ್ತೇನೆ. ಎಲ್ಮ್‌ಥಾರ್ಪ್, ಲಿಂಕನ್‌ಶೈರ್. ಇರುವುದು ಒಂದೇ ಬೀದಿ. ಮಿಸೆಸ್ ಡೌಸನ್ ಅವರ ಅಂಗಡಿ, ಅದರ ಮೂಲೆಯಲ್ಲೇ ಪೋಸ್ಟಾಫೀಸು. ಸ್ಟ್ಯಾಂಪು ಕೊಡುವ ಮುಂಚೆ ಆಕೆ ಚೀಸ್ ಕತ್ತರಿಸುವಾಗ ಕಟ್ಟಿಕೊಳ್ಳುವ ಏಪ್ರನ್ ಬಿಚ್ಚಿಟ್ಟು ಕನ್ನಡಕ ಹಾಕಿಕೊಳ್ಳುತ್ತಿದ್ದಳು, ಸರ್ಕಾರಿ ಕೆಲಸವಲ್ಲವೇ! ಒಂದು ಕೆಂಪು ಟೆಲಿಫೋನ್ ಡಬ್ಬ. ಎರಡು ಕೋಣೆಯ ಸ್ಕೂಲು. ತಗಡಿನ ಸೂರಿನ ಹಾಲ್, ಇಸ್ಪೀಟೂ ಅಲ್ಲೇ, ಮದುವೆಯೂ ಅಲ್ಲೇ. ಡಾಕ್ಟರ್ ಗ್ರೀವ್ ಅವರ ಮನೆಯ ಮುಂದಿನ ಕೋಣೆಯೇ ಕ್ಲಿನಿಕ್. ಇವರು ಅಲ್ಲಿ ಅಸಿಸ್ಟೆಂಟ್ ಆಗಿದ್ದರು, ಬಾಗಿಲ ಫಲಕದಲ್ಲಿ ಗ್ರೀವ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ರಘೋತ್ತಮ ಎಂದಿತ್ತು. ಪೇಟೆಗೆ ಬಸ್ಸು ಮಂಗಳವಾರ ಮತ್ತು ಶನಿವಾರ ಮಾತ್ರ. ಇಷ್ಟೇ ಊರು. ಇಷ್ಟರಲ್ಲೇ ನನಗೆ ಯಾವುದಕ್ಕೂ ಕೊರತೆಯಾಗಲಿಲ್ಲ.

ಇಲ್ಲಿ ಎಲ್ಲವೂ ಇದೆ, ಆದರೆ ಯಾವುದೂ ಕಾಲ್ನಡಿಗೆಗೆ ಸಿಗುವುದಿಲ್ಲ. ನಮ್ಮ ರಸ್ತೆಗೆ ಫುಟ್‌ಪಾತ್ ಕೂಡ ಇಲ್ಲ. ಇವರು ಕಾರು ತೆಗೆದುಕೊಂಡು ಆಸ್ಪತ್ರೆಗೆ ಹೋಗುತ್ತಾರೆ, ಮಗಳು ಮಂಜರಿ ಹಳದಿ ಬಸ್ಸು ಹತ್ತಿ ಸ್ಕೂಲಿಗೆ ಹೋಗುತ್ತಾಳೆ. ಆಮೇಲೆ ಈ ಮನೆಯಲ್ಲಿ ಬಾಯಿ ಬಿಡುವುದು ಮನೆ ಬಿಸಿಮಾಡುವ ನೆಲಮಾಳಿಗೆಯ ಫರ್ನೇಸ್ ಒಂದೇ.

ಜನವರಿ ೧೬, ಭಾನುವಾರ

ಚಿಕಾಗೋದಲ್ಲಿ ಶ್ಯಾಮ್, ಪದ್ಮ ಅವರ ಅಪಾರ್ಟ್‌ಮೆಂಟಿನಲ್ಲಿ ಸಂಕ್ರಾಂತಿ. ಎಳ್ಳು ಬೆಲ್ಲ, ಪೊಂಗಲ್, ಹತ್ತಾರು ಕನ್ನಡದವರು. ಎಲ್ಲರೂ ತಮ್ಮ ತಮ್ಮ ಊರಿನ ಮಾತು ತೆಗೆದರು. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು ಎಲ್ಮ್‌ಥಾರ್ಪ್.

"ಏನ್ರೀ ಶಾರದ," ಎಂದರು ಪದ್ಮ, "ದೇವರಾಜ ಮಾರ್ಕೆಟ್ ನೆನೆಸ್ಕೊಂಡು ಅಳೋದು ಬಿಟ್ಟು ಆ ಬಿಳಿಯರ ಹಳ್ಳಿಗೋಸ್ಕರ ಅಳ್ತಿದೀರಲ್ಲ!"

"ದೊರೆಸಾನಿ ಆಗ್ಬಿಟ್ಟಿದಾರೆ ಬಿಡೇ," ಎಂದರು ಶ್ಯಾಮ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಬರುವಾಗ ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಇವರಿಗೆಲ್ಲ ಹೇಗೆ ಹೇಳುವುದು? ಮೈಸೂರಿನಲ್ಲಿ ನಾನು ಯಾರದೋ ಮಗಳು, ಆಮೇಲೆ ಯಾರದೋ ಸೊಸೆ. ಬಾಗಿಲು ಬಡಿದರೆ ತೆಗೆಯಲು ದೊಡ್ಡವರಿದ್ದರು. ಎಲ್ಮ್‌ಥಾರ್ಪಿನಲ್ಲಿ ಮೊದಲ ಸಲ ಬಾಗಿಲು ತೆಗೆದವಳು ನಾನು, ಬಂದವರು ಕೇಳಿದ್ದೂ ನನ್ನನ್ನೇ. ಅಲ್ಲಿನವರು ಮೊದಲು ನನ್ನ ಸೀರೆಯನ್ನು ಮಿಕಮಿಕ ನೋಡುತ್ತಿದ್ದರು, ಅದನ್ನೂ ಸುಳ್ಳು ಹೇಳುವುದಿಲ್ಲ. ಒಂದು ಇಡೀ ಚಳಿಗಾಲ ಯಾರೂ ಮಾತಾಡಿಸಲಿಲ್ಲ. ಆಮೇಲೆ ಪಕ್ಕದ ಮನೆಯ ಮಿಸೆಸ್ ಮಾಲ್ಟ್‌ಬಿ ಎರಡೂ ಹಿತ್ತಲುಗಳ ನಡುವಿನ ಗೋಡೆಯ ಮೇಲೆ ಸೇಬಿನ ಪೈ ಇಟ್ಟರು.

ಜನವರಿ ೨೭

ಹಿಮ. ಫ್ಯಾರನ್‌ಹೀಟ್ ಸೊನ್ನೆಗಿಂತ ಕೆಳಗಂತೆ. ಇವತ್ತು ಯಾರ ಜೊತೆಗೂ ಮಾತಾಡಲಿಲ್ಲ. ರಾಂಗ್ ನಂಬರ್ ಒಂದು ಬಂತು, ಅವನನ್ನು ಸ್ವಲ್ಪ ಹೊತ್ತು ಮಾತಾಡಿಸಿದೆ.

ಫೆಬ್ರವರಿ ೮, ಮಂಗಳವಾರ

ಪಕ್ಕದ ಮನೆಯ ಮಿಸೆಸ್ ಕೊಲಾರ್ ಕಳೆದ ವಾರ ಬಾಗಿಲಿಗೆ ಬಂದಿದ್ದರು. ವಯಸ್ಸಾದವರು, ಗಂಡ ತೀರಿಕೊಂಡು ವರ್ಷವಾಗಿಲ್ಲ. ಕೈಯಲ್ಲಿ ಗಾಜಿನ ಪಾತ್ರೆ, ಅದರ ತಳಕ್ಕೆ ಟೇಪ್ ಅಂಟಿಸಿ ಕೊಲಾರ್ ಎಂದು ಬರೆದಿತ್ತು. ತಡವಾಯಿತು, ಆದರೂ ಸ್ವಾಗತ ಎಂದರು. ಒಳಗೆ ನೂಡಲ್ಸ್, ಚೀಸ್, ಅದರಡಿ ಮೀನು! ಇವರು ಆಸ್ಪತ್ರೆಗೆ ಒಯ್ದು ಜೊತೆಯವರಿಗೆ ಕೊಟ್ಟರು, ಚೆನ್ನಾಗಿತ್ತಂತೆ.

ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡು ಎಂದು ಅಮ್ಮ ಕಲಿಸಿದ್ದು. ಇವತ್ತು ಕೊಬ್ಬರಿ ಮಿಠಾಯಿ ತುಂಬಿಸಿ ಕೊಟ್ಟು ಬಂದೆ. ಮಿಸೆಸ್ ಕೊಲಾರ್ ಗಾಬರಿಯಾದವರ ಹಾಗೆ ಪಾತ್ರೆ ನೋಡಿ, ಥ್ಯಾಂಕ್ ಯು ಎಂದು ಬಾಗಿಲು ಹಾಕಿಕೊಂಡರು.

ಮಿಸೆಸ್ ಮಾಲ್ಟ್‌ಬಿಯ ವಿಷಯದಲ್ಲಿ ಆದದ್ದೇ ಬೇರೆ. ಅವರ ಸೇಬಿನ ಪೈ ಬಂದದ್ದು ಒಂದು ಕಡೆ ಚಕ್ಕೆ ಎದ್ದ ನೀಲಿ ಅಂಚಿನ ಬಿಳಿ ಎನಾಮಲ್ ತಟ್ಟೆಯಲ್ಲಿ. ನಾನು ಕೇಸರಿಭಾತು ಹಾಕಿ ವಾಪಸು ಇಟ್ಟೆ. ತುಂಬಿದ ತಟ್ಟೆ ಬಂದರೆ ಸುಮ್ಮನಿರುವುದು ಹೇಗೆಂದು ಅವರು ಇನ್ನೇನನ್ನೋ ಬೇಯಿಸಿ ತಂದರು. ಬರಿದು ಕೊಡಲು ನನಗೆ ಬಾರದು, ನಿಲ್ಲಿಸಲು ಅವರಿಗೆ ಬಾರದು. ಆ ತಟ್ಟೆ ವರ್ಷಗಟ್ಟಲೆ ಗೋಡೆ ದಾಟುತ್ತಲೇ ಇತ್ತು. "ಈ ಹುಡುಗಿ ಯಾವಾಗ ನಿಲ್ಲಿಸ್ತಾಳೆ?" ಎಂದು ಅವರು ಅಂಗಡಿಯಲ್ಲಿ ಕೇಳಿದ್ದನ್ನು ಮಿಸೆಸ್ ಡೌಸನ್ ನನಗೆ ಹೇಳಿದಾಗ ನಾನು, "ಅವರು ನಿಲ್ಲಿಸ್ಲಿ ಮೊದಲು," ಎಂದಿದ್ದೆ.

ಹೊರಡುವ ದಿನ ದಾರಿಗೆಂದು ರೂಬಾರ್ಬ್ ಎಂಬ ಹುಳಿ ದಂಟಿನ ಪೈ ಮಾಡಿಕೊಟ್ಟರು. ಪೈ ಟ್ರೈನಿನಲ್ಲೇ ಖಾಲಿಯಾಯಿತು, ತಟ್ಟೆ ನನ್ನ ಜೊತೆ ಬಂದುಬಿಟ್ಟಿತು. ಈಗ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿದೆ. ನಾನು ಅದನ್ನು ಬಳಸುವುದಿಲ್ಲ. ತುಂಬಿಸಿಕೊಂಡು ಹೋಗಿ ಆ ಗೋಡೆಯ ಮೇಲೇ ಇಡಬೇಕು.

ಫೆಬ್ರವರಿ ೨೯

ಮಿಸೆಸ್ ಕೊಲಾರ್ ಕಡೆಯಿಂದ ಏನೂ ಬರಲಿಲ್ಲ. ಬರಬೇಕೆಂದೇನಿಲ್ಲ. ನಾನು ಕಿಟಕಿಯಿಂದ ನೋಡುವುದನ್ನು ನಿಲ್ಲಿಸಬೇಕು. ಸಾಲದ್ದಕ್ಕೆ ಈ ವರ್ಷಕ್ಕೆ ಒಂದು ದಿನ ಜಾಸ್ತಿ ಬೇರೆ.

ಮಾರ್ಚ್ ೧೪, ಮಂಗಳವಾರ

ದೇವರಿದ್ದಾನೆ! ಡಾಕ್ಟರ್ ಗ್ರೀವ್ ಪತ್ರ ಬರೆದಿದ್ದಾರೆ. ಅವರಿಗೆ ವಯಸ್ಸಾಯಿತಂತೆ, ಕ್ಲಿನಿಕ್ಕನ್ನು ಬೇರೆಯವರ ಕೈಗೆ ಕೊಡಬೇಕಂತೆ, ಮೊದಲು ಇವರನ್ನು ಕೇಳುತ್ತಿದ್ದಾರೆ. ಜೂನ್ ಮುಗಿಯುವುದರೊಳಗೆ ಉತ್ತರ ಬೇಕು, ಆಮೇಲೆ ಬೇರೆ ಡಾಕ್ಟರನ್ನು ನೋಡಿಕೊಳ್ಳುತ್ತಾರೆ. ಇನ್ನು ಅಸಿಸ್ಟೆಂಟ್ ಅಲ್ಲ, ಇವರೇ ಊರಿನ ಡಾಕ್ಟರ್.

"ಇವತ್ತೇ ಬರೀರಿ," ಎಂದೆ.

ಇವರು ಪತ್ರವನ್ನು ಮಡಿಸಿ ಮತ್ತೆ ಬಿಚ್ಚಿದರು. "ನನಗೆ ಇಲ್ಲಿ ಕೆಲಸ ಹಿಡಿಸ್ತಿದೆ ಶಾರದ. ಆದ್ರೆ ನೀನು ಹೀಗೆ ಒಣಗಿಹೋಗೋದು ನೋಡೋಕಾಗಲ್ಲ. ಜೂನ್‌ವರೆಗೂ ಇರೋಣ. ಆಗ್ಲೂ ನಿಂಗೆ ಹೀಗೇ ಅನ್ಸಿದ್ರೆ, ಆಣೆ, ಗಂಟುಮೂಟೆ ಕಟ್ಟೋಣ."

ಜೂನ್‌ವರೆಗೆ ಹಲ್ಲು ಕಚ್ಚಿಕೊಂಡು ಇರಬಲ್ಲೆ. ತಟ್ಟೆಯನ್ನು ಇಳಿಸಿ ಧೂಳು ಒರೆಸಿದೆ.

ಮಾರ್ಚ್ ೨೨

ಮಂಜರಿ ಅಳುತ್ತ ಬಂದಳು. ಸ್ಕೂಲಿನಲ್ಲಿ ಅವಳ ಇಂಗ್ಲಿಷ್ ಕೇಳಿ ನಗುತ್ತಾರಂತೆ. ಅವಳದು ಅಪ್ಪಟ ಎಲ್ಮ್‌ಥಾರ್ಪಿನ ಇಂಗ್ಲಿಷ್, ಮಿಸೆಸ್ ಡೌಸನ್ನಳದೇ. "ದೇ ಸೇ ಐ ಟಾಕ್ ಫನ್ನಿ, ಮಮ್." ನೀನೇನೂ ಬದಲಾಯಿಸಬೇಡ, ಬೇಸಿಗೆಯಲ್ಲಿ ವಾಪಸು ಹೋಗುತ್ತೇವೆ ಎಂದೆ. ತಬ್ಬಿಕೊಂಡು ಕೂತೆವು.

ಏಪ್ರಿಲ್ ೪, ಮಂಗಳವಾರ

ನಿನ್ನೆ ಟಪಾಲಿನ ಡಬ್ಬದ ಹತ್ತಿರ ಮಿಸೆಸ್ ಕೊಲಾರ್ ಸಿಕ್ಕಿದರು. ಲಕೋಟೆಗಳನ್ನು ಮೂಗಿಗೆ ತಾಗಿಸಿಕೊಂಡು ನೋಡುತ್ತಿದ್ದರು. ಹೇಗೂ ಹೊರಡುವವಳು, ನನಗೇನು ಭಯ ಎಂದು ಬಾಯಿ ಬಿಟ್ಟೆ. ಮಿಠಾಯಿ ಹಿಡಿಸಲಿಲ್ಲವೇ ಎಂದು ನೇರ ಕೇಳಿದೆ.

"ಹಿಡಿಸ್ತು. ಒಂದೇ ವಾರದಲ್ಲಿ ಮುಗಿಸ್ದೆ," ಎಂದರು. "ಆದ್ರೆ ಪಾತ್ರೆ ತುಂಬಿಸಿ ಕೊಟ್ಯಲ್ಲ, ಅದರರ್ಥ ಏನೂಂತ ಗೊತ್ತಾಗ್ಲಿಲ್ಲ. ನಮ್ಮಲ್ಲಿ ಪಾತ್ರೆ ವಾಪಸ್ ಬಂತು ಅಂದ್ರೆ ಮುಗೀತು."

ಚಳಿಯಲ್ಲಿ ನಿಂತೇ ಎಲ್ಲ ಹೇಳಿದೆ: ಅಮ್ಮ, ಸಕ್ಕರೆ, ಮಿಸೆಸ್ ಮಾಲ್ಟ್‌ಬಿ, ಗೋಡೆ, ನಿಲ್ಲದ ತಟ್ಟೆ. ಅವರು ಕೇಳಿಸಿಕೊಂಡು, ಲಕೋಟೆಗಳನ್ನು ಕಂಕುಳಿಗೆ ಸಿಕ್ಕಿಸಿ ಒಳಗೆ ಹೋದರು. ಅತಿಯಾಗಿ ಮಾತಾಡಿದೆ ಎಂದು ನಿನ್ನೆಯೆಲ್ಲ ನನ್ನನ್ನೇ ಬೈದುಕೊಂಡೆ.

ಇವತ್ತು ಬೆಲ್ ಆಯಿತು. ಅದೇ ಗಾಜಿನ ಪಾತ್ರೆ. ಒಳಗೆ ಒಂದು ಕಾರಿನ ಬೀಗದಕೈ!

"ಕಣ್ಣಿಗೆ ಪೊರೆ ಬಂದಿದೆ. ಓವನ್ನಿನ ಅಂಕಿ ಕಾಣಿಸಲ್ಲ," ಎಂದರು. "ನಿಂಗೆ ಕೊಟ್ಟಿದ್ದನ್ನ ಮಾಡೋಕೆ ಇಡೀ ದಿನ ಹಿಡೀತು. ಇನ್ನೊಂದ್ಸಲ ನನ್ನಿಂದಾಗಲ್ಲ. ಗ್ಯಾರೇಜಲ್ಲಿ ನನ್ನ ಗಂಡ ಫ್ರ್ಯಾಂಕನ ಓಲ್ಡ್ಸ್‌ಮೊಬೈಲ್ ನಿಂತಿದೆ. ನಂಗೆ ಓಡ್ಸೋಕೆ ಬರುತ್ತೆ, ಕಣ್ಣಿಲ್ಲ. ನಿಂಗೆ ಕಣ್ಣಿದೆ, ಓಡ್ಸೋಕೆ ಬರಲ್ಲ. ಎದುರಿಗೇನಿದೆ ನೀನ್ಹೇಳು, ಏನ್ಮಾಡ್ಬೇಕು ನಾನ್ಹೇಳ್ತೀನಿ."

ಬೇಡ ಎನ್ನಬೇಕಿತ್ತು. ಜೂನ್‌ನಲ್ಲಿ ಹೊರಡುವವಳಿಗೆ ಡ್ರೈವಿಂಗ್ ಯಾಕೆ? ಆದರೆ ತುಂಬಿಕೊಂಡು ಬಂದ ಪಾತ್ರೆಯನ್ನು ಬೇಡ ಎನ್ನಲು ಬರುವುದಿಲ್ಲವಲ್ಲ.

ಏಪ್ರಿಲ್ ೧೯

ಲರ್ನರ್ಸ್ ಪರ್ಮಿಟ್ ಸಿಕ್ಕಿದೆ. ಚರ್ಚಿನ ಖಾಲಿ ಪಾರ್ಕಿಂಗ್ ಲಾಟ್. "ಎದುರಿಗೇನಿದೆ?" "ಕಂಬ." "ದೂರಾನಾ?" "ಇಲ್ಲ." "ಮತ್ತೆ ಬ್ರೇಕ್ ಹಾಕೇ ತಾಯಿ!" ತಾಯಿ ಎಂದದ್ದು ಅವರಲ್ಲ, ಅವರೇನೋ ತಮ್ಮ ಚೆಕ್ ಭಾಷೆಯಲ್ಲಿ ಕೂಗಿದರು, ನನಗೆ ಹಾಗೆ ಕೇಳಿಸಿತು. ಕಂಬಕ್ಕೇನೂ ಆಗಲಿಲ್ಲ. ಇಬ್ಬರೂ ಸೀಟಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಭಾನುವಾರ ಇವರೂ ಒಂದು ಗಂಟೆ ಕಲಿಸುತ್ತಾರೆ, ಆದರೆ ಇವರಿಗೆ ಬೇಗ ಸಿಟ್ಟು ಬರುತ್ತದೆ.

ಮೇ ೧೩, ಶನಿವಾರ

ಮೊದಲ ಸಲ ಫೇಲ್, ಎರಡನೆಯ ಸಲ ಪಾಸ್. ಲೈಸೆನ್ಸ್ ಬಂತು. ಫೋಟೋದಲ್ಲಿ ಕಳ್ಳಿಯ ಹಾಗೆ ಕಾಣುತ್ತೇನೆ.

ಮಿಸೆಸ್ ಕೊಲಾರ್ ಅವರನ್ನು ಯಾವ ದಿನ ಹೊರಗೆ ಕರೆದುಕೊಂಡು ಹೋಗಲಿ ಎಂದು ಕೇಳಿದಾಗ ನೀನೇ ಹೇಳು ಎಂದರು. ಮಂಗಳವಾರ, ಶನಿವಾರ ಎಂದೆ. ಪೇಟೆಗೆ ಹೋಗುವುದೆಂದರೆ ನನಗೆ ಬೇರೆ ವಾರ ತೋಚಲೇ ಇಲ್ಲ. ಇವತ್ತು ಲೈಬ್ರರಿ, ಪೋಸ್ಟಾಫೀಸು, ಆಮೇಲೆ ಸೂಪರ್‌ಮಾರ್ಕೆಟ್. ಡಬ್ಬಗಳ ಮೇಲಿನ ಅಕ್ಷರಗಳನ್ನು ಅವರಿಗೆ ಓದಿ ಹೇಳಿದೆ. ಎದುರು ಮನೆಯ ಹೆಂಗಸು ಕೈ ಬೀಸಿದಳು. ಇಷ್ಟು ತಿಂಗಳು ಎಲ್ಲಿದ್ದಳೋ!

ಮೇ ೨೩, ಮಂಗಳವಾರ

ಬೆಳಿಗ್ಗೆ ಫೋನ್. ಪಕ್ಕದ ಊರಾದ ಲೈಲ್‌ನಿಂದ ರೇಣು ಎನ್ನುವ ಹುಡುಗಿ, ಧಾರವಾಡದ ಕಡೆಯವಳು. ಗಂಡ ಕಲ್ಲಿನಾಥ ಇಂಜಿನಿಯರ್. ಪದ್ಮ ಫೋನಿನಲ್ಲೇ ನಮ್ಮ ನಂಬರ್ ಕೊಟ್ಟರಂತೆ.

"ಅಕ್ಕಾರ, ನೀವು ಮಂಗಳವಾರ ಪ್ಯಾಟಿಗೆ ಹೋಗ್ತೀರಂತಲ್ರಿ. ನಾನೂ ಬರ್ಲೇನ್ರಿ? ನಮ್ಮವ್ರು ಮುಂಜಾನೆ ಕಾರ್ ತಗೊಂಡ್ ಹೋದ್ರಂದ್ರ ಸಂಜಿಮಟ ಗೋಡಿ ನೋಡ್ಕೋತ ಕುಂದ್ರೂದಾಗೇತ್ರಿ."

ನಾಲ್ಕು ಮೈಲಿ ಹೋಗಿ ಕರೆದುಕೊಂಡು ಬಂದೆ. ಬಸುರಿ, ಆಗಸ್ಟ್‌ನಲ್ಲಿ ಹೆರಿಗೆ. ಇಲ್ಲಿಗೆ ಬಂದಾಗಿನಿಂದ ಕನ್ನಡದ ಹೆಂಗಸೊಬ್ಬಳನ್ನು ಕಣ್ಣಾರೆ ನೋಡಿದ್ದು ಇದೇ ಮೊದಲಂತೆ. ಹಿಂದಿನ ಸೀಟಿನಲ್ಲಿ ಕೂತು ಅಳಲು ಶುರುಮಾಡಿದಳು. ಮಿಸೆಸ್ ಕೊಲಾರ್ ತಿರುಗದೆಯೇ ಕರವಸ್ತ್ರವನ್ನು ಹಿಂದಕ್ಕೆ ಚಾಚಿದರು.

ಜೂನ್ ೬, ಮಂಗಳವಾರ

ಮಿಸೆಸ್ ಮಾಲ್ಟ್‌ಬಿ ಬರೆದಿದ್ದಾರೆ. ಮಂಗಳವಾರದ ಬಸ್ಸನ್ನು ನಿಲ್ಲಿಸಿದರಂತೆ, ಇನ್ನು ಶನಿವಾರ ಮಾತ್ರ. ನಾವಿದ್ದ ಮನೆಗೆ ಬಂದವರು ವಾರದ ಕೊನೆಗಷ್ಟೇ ಬರುವ ಲಂಡನ್ನಿನ ಜನವಂತೆ, ಗೋಡೆಯ ಮೇಲೆ ಹೂವಿನ ಕುಂಡ ಇಟ್ಟಿದ್ದಾರಂತೆ. 'ನೀವು ಬರ್ತೀರಂತ ಡಾಕ್ಟರ್ ಹೇಳಿದರು, ನಿಜವೇ?' ಎಂದು ಕೇಳಿದ್ದಾರೆ.

ಕೂಡಲೇ ಉತ್ತರ ಬರೆಯಬೇಕು. ಇವತ್ತು ಹೊತ್ತು ಸಿಗಲಿಲ್ಲ. ರೇಣುವನ್ನು ಡಾಕ್ಟರ ಹತ್ತಿರ ಬಿಟ್ಟು, ಎದುರು ಮನೆಯವಳ ಪಾರ್ಸೆಲ್ ಪೋಸ್ಟ್ ಮಾಡಿ, ಮಿಸೆಸ್ ಕೊಲಾರ್ ಅವರನ್ನು ಕಣ್ಣಿನ ಪರೀಕ್ಷೆಗೆ ಕರೆದೊಯ್ದು ಬರುವಷ್ಟರಲ್ಲಿ ಮಂಜರಿಯ ಬಸ್ಸು ಬಂದಿತ್ತು. "ಮಾಮ್, ಯು ಆರ್ ಲೇಟ್!" ಎಂದು ಮೆಟ್ಟಿಲ ಮೇಲೆ ಕೂತಿದ್ದಳು.

ಜೂನ್ ೨೪, ಶನಿವಾರ

ರೇಣುಗೆ ಬಿಸಿಬೇಳೆಭಾತಿನ ಬಯಕೆ. ಇಷ್ಟು ಮಾಡಿದೆ, ಹಾಕಿಕೊಡಲು ಒಂದು ಪಾತ್ರೆ ಇಲ್ಲ! ದೊಡ್ಡ ಡಬ್ಬ ಮಿಸೆಸ್ ಕೊಲಾರ್ ಮನೆಯಲ್ಲಿ, ಸ್ಟೀಲ್ ಪಾತ್ರೆಗಳು ಎದುರು ಮನೆಯಲ್ಲಿ, ಮುಚ್ಚಳದ್ದು ಪದ್ಮ ಹತ್ತಿರ. ನನ್ನ ಅಡುಗೆಮನೆಯನ್ನು ಬೀದಿಯವರೆಲ್ಲ ಹಂಚಿಕೊಂಡ ಹಾಗಾಗಿದೆ. ಹೊತ್ತಾಗುತ್ತಿತ್ತು, ಆ ಕಡೆ ಮಿಸೆಸ್ ಕೊಲಾರ್ ಹಾರ್ನ್ ಹೊಡೆಯುತ್ತಿದ್ದರು. ಶೆಲ್ಫಿನ ಮೇಲೆ ಕೈಗೆ ಸಿಕ್ಕಿದ್ದರಲ್ಲಿ ತುಂಬಿ, ಫಾಯಿಲ್ ಮುಚ್ಚಿಕೊಂಡು ಓಡಿದೆ.

ಜೂನ್ ೨೫, ಭಾನುವಾರ

ಬೆಳಿಗ್ಗೆ ಕಾಫಿ ಕುಡಿಯುತ್ತ ಇವರು ಕೇಳಿದರು. "ಈ ವಾರ ಗ್ರೀವ್‌ಗೆ ಉತ್ತರ ಹೋಗ್ಬೇಕು. ಏನು ಬರೀಲಿ?"

"ಬರ್ತೀವಿ ಅಂತ ಬರೀರಿ," ಎಂದೆ. "ಆದ್ರೆ ಈಗ್ಲೇ ಆಗಲ್ಲ. ಆಗಸ್ಟಲ್ಲಿ ರೇಣು ಹೆರಿಗೆ, ಆ ಹುಡುಗಿಗೆ ಇಲ್ಲಿ ತಾಯಿ ಇದಾಳಾ, ಅತ್ತೆ ಇದಾಳಾ? ಬಾಣಂತನ ನಾನೇ ಮಾಡ್ಬೇಕು. ಸೆಪ್ಟೆಂಬರಲ್ಲಿ ಮಿಸೆಸ್ ಕೊಲಾರ್ ಕಣ್ಣಿನ ಆಪರೇಶನ್, ಒಂದಾದ್ಮೇಲೆ ಇನ್ನೊಂದು. ಕ್ರಿಸ್‌ಮಸ್ ಕಳೀಲಿ ಅಂತ ಬರೀರಿ."

"ಅವರು ಕ್ರಿಸ್‌ಮಸ್‌ವರೆಗೂ ಕಾಯಲ್ಲ ಶಾರದ."

"ಕಾಯ್ದೇ ಇದ್ರೆ ನಾನೇನ್ಮಾಡ್ಲಿ? ಇವರನ್ನೆಲ್ಲ ಯಾರ ಕೈಗೆ ಕೊಟ್ಟು ಹೋಗ್ಲಿ?"

ಇವರು ಕಾಫಿ ಲೋಟ ಕೆಳಗಿಟ್ಟರು. ಮೇಲಿನ ಶೆಲ್ಫಿನ ಕಡೆ ನೋಡುತ್ತಿದ್ದರು. "ಆ ತಟ್ಟೆ ಎಲ್ಲಿ?"

ಆಗಲೇ ನನಗೆ ತಿಳಿದದ್ದು, ನಿನ್ನೆ ರೇಣುಗೆ ಕೊಟ್ಟದ್ದು ಆ ತಟ್ಟೆಯನ್ನೇ! ಅಷ್ಟು ದಿನದಿಂದ ಕಾದಿಟ್ಟುಕೊಂಡದ್ದು, ನೋಡದೆಯೇ ಕೊಟ್ಟುಬಿಟ್ಟಿದ್ದೇನೆ. ಬಾಯಿ ಬಿಟ್ಟು ಅತ್ತೆ. ಇವರು ಪಕ್ಕದಲ್ಲಿ ಕೂತು ಬೆನ್ನು ಸವರಿದರು. "ಗ್ರೀವ್‌ಗೆ ನಾನೇ ಬರೀತೀನಿ ಬಿಡು," ಎಂದರು. ಏನಂತ ಬರೆಯುತ್ತಾರೆಂದು ನಾನು ಕೇಳಲಿಲ್ಲ.

ಆ ಗೋಡೆಯಾಚೆ ಮಿಸೆಸ್ ಮಾಲ್ಟ್‌ಬಿ ಇವತ್ತು ಏನು ಬೇಯಿಸಿದರೋ. ಬೇಯಿಸಿದ್ದನ್ನು ಈಗ ಯಾರಿಗೆ ಕೊಡುತ್ತಾರೋ.

ಜೂನ್ ೩೦

ಮಿಸೆಸ್ ಮಾಲ್ಟ್‌ಬಿಗೆ ಬರೆದೆ. ನಾಲ್ಕು ಸಲ ಹರಿದು ಬರೆದೆ. ಬರುವುದಿಲ್ಲ ಎಂದು ಬರೆಯುವುದಕ್ಕೆ ಒಂದೇ ಸಾಲು ಸಾಕಿತ್ತು, ಆ ಸಾಲನ್ನು ಎಲ್ಲಿಡುವುದೆಂದೇ ತೋಚಲಿಲ್ಲ. ಕೊನೆಗೆ ತಟ್ಟೆಯ ವಿಷಯ ಬರೆದೆ. ಹೀಗೆ ಹೀಗಾಯಿತು, ಒಬ್ಬಳು ಬಸುರಿ ಹುಡುಗಿಯ ಮನೆಯಲ್ಲಿದೆ, ಕ್ಷಮಿಸಿ ಎಂದೆ.

ಜುಲೈ ೪, ಮಂಗಳವಾರ

ಅಮೆರಿಕದವರ ಹಬ್ಬ. ಅಂಗಡಿಗಳೆಲ್ಲ ಬಂದ್, ಹಾಗಾಗಿ ಇವತ್ತು ನಮ್ಮ ಬಸ್ಸಿಲ್ಲ ಎಂದು ಎಲ್ಲರಿಗೂ ನಿನ್ನೆಯೇ ಫೋನ್ ಮಾಡಿ ಹೇಳಿದ್ದೆ. ಮಂಜರಿ ಎದುರು ಮನೆಯ ಮಕ್ಕಳ ಜೊತೆ ಬಾವುಟ ಹಿಡಿದು ಮೆರವಣಿಗೆಗೆ ಹೋದಳು. ಹೋಗುವಾಗ ಅವಳು ಕೂಗಿದ್ದನ್ನು ಕೇಳಿ ಯಾರ ಮಗುವೋ ಎಂದುಕೊಂಡೆ, ಅಷ್ಟು ಬದಲಾಗಿದೆ ಅವಳ ಇಂಗ್ಲಿಷ್.

ಸಂಜೆ ಕಲ್ಲಿನಾಥ, ರೇಣು ಬಂದರು. ಮಿಸೆಸ್ ಕೊಲಾರ್ ಆಗಲೇ ನಮ್ಮ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ರೇಣು ಏದುಸಿರು ಬಿಡುತ್ತ ಸೆರಗಿನಡಿಯಿಂದ ತಟ್ಟೆ ತೆಗೆದಳು. ಬಿಳಿ ಎನಾಮಲ್, ನೀಲಿ ಅಂಚು, ಚಕ್ಕೆ ಎದ್ದ ಅದೇ ಜಾಗ. ತುಂಬ ಶೇಂಗಾ ಹೋಳಿಗೆ.

"ತಡಾ ಆತ್ರಿ ಅಕ್ಕಾರ," ಎಂದಳು. "ಖಾಲಿ ಹೆಂಗ್ ತರ್ಲಿ ಅಂತ ಇಟ್ಕೊಂಡಿದ್ನಿ."

ಮಿಸೆಸ್ ಕೊಲಾರ್ ತಟ್ಟೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದೇನಾ ಅದು?" ಎಂದರು. ಹೌದೆಂದೆ. ಒಂದು ಹೋಳಿಗೆ ತೆಗೆದುಕೊಂಡು ತಟ್ಟೆಯನ್ನು ನನ್ನ ಮಡಿಲಲ್ಲಿ ಇಟ್ಟರು.

ಎಲ್ಲರೂ ಹೋದ ಮೇಲೆ ತೊಳೆದು ಒರೆಸಿದೆ. ಮೇಲಿನ ಶೆಲ್ಫಿನಲ್ಲಿಡಲು ಕೈ ಎತ್ತಿದವಳು ಒಲೆಯ ಪಕ್ಕದಲ್ಲೇ ಇಟ್ಟೆ. ಈಗ ನನ್ನ ಸರದಿ.